ಸೂರ್ಯನ ರೇಡಿಯೋ ಶೋಧನೆಯೂ ಬಯಲುಸೀಮೆಯ ಕರ್ತವ್ಯವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಜನರಿಗೆ ಸೂರ್ಯನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಮಳೆ ಹದವಾಗಿ ಬಂದ ವರ್ಷ ಅವನ ಕೃಪೆಯನ್ನೂ, ಮಳೆ ತಪ್ಪಿದ ವರ್ಷ ಅವನ ಉರಿಯನ್ನೂ ನಮ್ಮ ಶೇಂಗಾ ಹೊಲಗಳೂ ತೆಂಗಿನ ತೋಟಗಳೂ ಚೆನ್ನಾಗಿ ಬಲ್ಲವು. ಪ್ರತಿವರ್ಷವೂ ಏಪ್ರಿಲ್ ತಿಂಗಳ ಕೊನೆಯಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವಿನಲ್ಲೊಮ್ಮೆ, ಅವನು ನಡುಹಗಲಿನಲ್ಲಿ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬಂದು ನಿಲ್ಲುವನು. ಆ ಹೊತ್ತಿನಲ್ಲಿ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಇಷ್ಟು ನಿಕಟವಾದ ಬಳಕೆಯುಳ್ಳ ಸೂರ್ಯನು ಬೆಳಕನ್ನೂ ಬಿಸಿಲನ್ನೂ ಮಾತ್ರವಲ್ಲದೆ ರೇಡಿಯೋ ಅಲೆಗಳನ್ನೂ ಎಡೆಬಿಡದೆ ನಮ್ಮೆಡೆಗೆ ಕಳುಹಿಸುತ್ತಿರುವನೆಂಬುದೂ, ಆ ಅಲೆಗಳನ್ನು ಹಿಡಿದು ಓದುವ ಒಂದು ದೊಡ್ಡ ವೀಕ್ಷಣಾಲಯವು ನಮ್ಮ ನೆರೆಯಲ್ಲಿಯೇ ಉಂಟೆಂಬುದೂ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಈ ವಿಷಯವನ್ನು ಇಂದು ವಾಚಕರ ಮುಂದೆ ಇಟ್ಟು, ಅದರಿಂದ ನಮಗೆ ಒದಗುವ ಕರ್ತವ್ಯವೇನೆಂಬುದನ್ನು ಸ್ವಲ್ಪ ವಿವೇಚಿಸುವೆವು.

ಹಿರಿಯೂರಿನಿಂದ ಶಿರಾ, ಮಧುಗಿರಿಗಳನ್ನು ಹಾದು ಪೂರ್ವಕ್ಕೆ ಸಾಗಿದರೆ ಉತ್ತರ ಪಿನಾಕಿನಿಯ ದಡದಲ್ಲಿರುವ ಗೌರಿಬಿದನೂರು ಸಿಕ್ಕುವುದು. ೧೯೩೮ನೆಯ ಏಪ್ರಿಲ್ ೨೫ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥವು ಇದೇ ತಾಲ್ಲೂಕಿನದೆಂದರೆ ದೇಶಾಭಿಮಾನಿಗಳಿಗೆ ಊರಿನ ಗುರುತು ಕೂಡಲೇ ಹತ್ತುವುದು. ಮೊದಲು ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಗುಡ್ಡಗಳ ನಡುವಣ ಅಲ್ಲಿಯ ಒಣ ಬಯಲಿನಲ್ಲಿ, ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರ ರೇಡಿಯೋ ವೀಕ್ಷಣಾಲಯವು ಅರ್ಧ ಶತಮಾನದಿಂದ ಕೆಲಸ ಮಾಡುತ್ತ ಬಂದಿರುವುದು. ದೊಡ್ಡ ಗುಮ್ಮಟವನ್ನೂ ಗಾಜಿನ ಮಸೂರವನ್ನೂ ನಿರೀಕ್ಷಿಸಿ ಹೋದವನಿಗೆ ಅಲ್ಲಿ ನಿರಾಶೆಯಾದೀತು. ಅವನ ಕಣ್ಣಿಗೆ ಬೀಳುವುದು ಬಯಲಿನುದ್ದಕ್ಕೂ ಸಾಲಾಗಿ ನಿಂತ ಲೋಹದ ಕಡ್ಡಿಗಳು, ಅವುಗಳನ್ನು ಹೊತ್ತ ಕಂಬಗಳು, ನೆಲದ ಮೇಲೆ ಹರಿದ ತಂತಿಗಳು, ಇಷ್ಟೇ. ಅಪರಿಚಿತನು ಇದನ್ನು ಹಳೆಯ ಕಾಲದ ದೂರದರ್ಶನದ ಏರಿಯಲ್ಲುಗಳ ತೋಟವೆಂದು ತಿಳಿದರೆ ಅದೇನೂ ತಪ್ಪು ಗ್ರಹಿಕೆಯಲ್ಲ. ಅದರ ತತ್ತ್ವವೂ ಅದೇ.

ಸೂರ್ಯನಿಂದ ರೇಡಿಯೋ ಬರುವುದೆಂದರೆ ಅಲ್ಲಿಂದ ಶಬ್ದವು ಕೇಳಿಬರುವುದೆಂದು ಯಾರೂ ಭಾವಿಸಬಾರದು. ನಡುವಣ ಶೂನ್ಯದಲ್ಲಿ ಶಬ್ದವು ಸಂಚರಿಸಲಾರದು. ರೇಡಿಯೋ ಅಲೆಯು ಬೆಳಕಿನ ಒಡಹುಟ್ಟೇ ಆಗಿದ್ದು, ಬೆಳಕಿನ ವೇಗದಿಂದಲೇ ಹದಿನೈದು ಕೋಟಿ ಕಿಲೋಮೀಟರುಗಳನ್ನು ಎಂಟು ನಿಮಿಷಗಳಲ್ಲಿ ದಾಟಿ ಬರುವುದು. ಕಣ್ಣು ಅದನ್ನು ಕಾಣಲಾರದು; ಲೋಹದ ತಂತಿಯು ಅದನ್ನು ಹಿಡಿಯಬಲ್ಲದು. ಹಿಡಿದುದನ್ನು ಧ್ವನಿವರ್ಧಕಕ್ಕೆ ಕೊಟ್ಟರೆ ಬಾಣಲೆಯಲ್ಲಿ ಒಗ್ಗರಣೆ ಸಿಡಿಯುವಂತಹ ಸದ್ದಾಗುವುದು. ೧೯೩೫ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ಪ್ರಸಾರ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದು, ಮುಂದೆ ಅದು ದೇಶಕ್ಕೆಲ್ಲ ಹರಡಿದ ಸಂಗತಿ ಕನ್ನಡಿಗರಿಗೆ ಹೆಮ್ಮೆಯದು. ಆದರೆ ಆ ಹೆಸರನ್ನು ಅಕ್ಷರಶಃ ಹೊರಲು ಯೋಗ್ಯವಾದುದು ಗೌರಿಬಿದನೂರಿನಲ್ಲಿ ನಡುಹಗಲಿನಲ್ಲಿ ಹಿಡಿಯುವ ಈ ಅಲೆಗಳೇ ಎಂದರೆ ಅತಿಶಯೋಕ್ತಿಯಾಗದು.

ಇದು ತಿಳಿದುಬಂದ ಕಥೆಯೂ ಬೋಧಪ್ರದವಾದುದು. ೧೮೯೫ರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಕಣ್ಣಿಗೆ ಕಾಣದ ವಿದ್ಯುದಲೆಗಳಿಂದ ಗೋಡೆಯಾಚೆಯ ಗಂಟೆ ಬಾರಿಸಿ ತೋರಿಸಿದರು. ಅದೇ ದಶಕದಲ್ಲಿ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಎಂಬ ವಿದ್ವಾಂಸನು ಸೂರ್ಯನಿಂದ ಅಂತಹ ಅಲೆಗಳು ಬರುತ್ತಿರಬೇಕೆಂದು ಊಹಿಸಿ ಲಿವರ್‌ಪೂಲ್ ಪಟ್ಟಣದಲ್ಲಿ ಅವುಗಳನ್ನು ಹಿಡಿಯಲು ಯತ್ನಿಸಿದನು. ಆತನ ಉಪಕರಣವು ಸಾಲದಾಗಿತ್ತು. ಅದಕ್ಕಿಂತಲೂ ಹೆಚ್ಚಾಗಿ, ಪಟ್ಟಣದ ವಿದ್ಯುತ್ತಿನ ಗದ್ದಲವು ಪ್ರಯೋಗವನ್ನೇ ಕೆಡಿಸಿತು. ಬಳಿಕ ಸುಮಾರು ಅರ್ಧ ಶತಮಾನ ಕಳೆದು, ಎರಡನೆಯ ಮಹಾಯುದ್ಧದ ನಡುವೆ, ೧೯೪೨ನೆಯ ಫೆಬ್ರವರಿ ಕೊನೆಯಲ್ಲಿ, ಬ್ರಿಟಿಷರ ರೇಡಾರುಗಳೆಲ್ಲ ಒಮ್ಮೆಲೇ ಗೊಂದಲಕ್ಕೀಡಾದುವು. ಅದೇ ತಿಂಗಳಲ್ಲಿ ಜರ್ಮನರು ರೇಡಾರನ್ನು ಕೆಡಿಸಿ ತಮ್ಮ ಯುದ್ಧನೌಕೆಗಳನ್ನು ಪಾರುಮಾಡಿಕೊಂಡಿದ್ದರಾದ್ದರಿಂದ ಇದೂ ಶತ್ರುವಿನ ತಂತ್ರವೆಂದೇ ಶಂಕಿಸಲ್ಪಟ್ಟಿತು. ಜೆ. ಎಸ್. ಹೇ ಎಂಬವರು ವರದಿಗಳನ್ನು ಕೂಡಿಸಿ ನೋಡಿದಾಗ, ಗೊಂದಲವು ಬಂದ ದಿಕ್ಕು ಹಗಲೆಲ್ಲ ಸೂರ್ಯನೊಡನೆ ಸರಿಯುತ್ತಿದ್ದುದು ಕಂಡಿತು. ಆಗ ಸೂರ್ಯಬಿಂಬದ ಮೇಲೆ ದೊಡ್ಡದೊಂದು ಕಲೆಯಿದ್ದಿತು. ಯುದ್ಧದ ಗೋಪ್ಯದಿಂದಾಗಿ ಈ ಶೋಧವು ೧೯೪೬ರವರೆಗೆ ಲೋಕಕ್ಕೆ ಪ್ರಕಟವಾಗಲಿಲ್ಲ. ಕೊಲ್ಲಲು ಕಟ್ಟಿದ ಸಲಕರಣೆಯು ಅರಿಯಲು ಒದಗಿದ ನಿದರ್ಶನಗಳಲ್ಲಿ ಇದೂ ಒಂದು.

ಈ ಅಲೆಗಳಲ್ಲಿ ವಿಶೇಷವೇನು? ನಾವು ಕಾಣುವ ಸೂರ್ಯಬಿಂಬದ ಹೊರಮೈಯ ಉಷ್ಣತೆಯು ಸುಮಾರು ೫,೫೦೦ ಡಿಗ್ರಿ ಸೆಲ್ಸಿಯಸ್. ಅದರ ಸುತ್ತಲೂ ಕಿರೀಟದಂತೆ ಹರಡಿರುವ ಅತಿ ತೆಳ್ಳಗಿನ ಅನಿಲಮಂಡಲವೊಂದುಂಟು; ಇದಕ್ಕೆ ಕರೋನ ಅಥವಾ ಪ್ರಭಾವಲಯವೆಂದು ಹೆಸರು. ಒಲೆಯಿಂದ ದೂರ ಸರಿದಷ್ಟೂ ತಣ್ಣಗಾಗಬೇಕಷ್ಟೆ. ಆದರೆ ಈ ಪ್ರಭಾವಲಯವು ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿರುವುದು. ಹೀಗೇಕೆಂಬುದು ಇಂದಿಗೂ ಪೂರ್ಣವಾಗಿ ಬಗೆಹರಿಯದ ಪ್ರಶ್ನೆ. ಬಿಂಬದ ಪ್ರಖರತೆಯ ಮುಂದೆ ಈ ವಲಯವು ಕಣ್ಣಿಗೆ ಕಾಣದು. ಪೂರ್ಣಗ್ರಹಣದಲ್ಲಿ ಚಂದ್ರನು ಅಡ್ಡ ಬಂದಾಗ ಮಾತ್ರ ಕೆಲವೇ ನಿಮಿಷ ತೋರುವುದು. ಆ ಕೆಲವು ನಿಮಿಷಗಳಿಗಾಗಿ ೧೮೬೮ನೆಯ ಆಗಸ್ಟ್ ೧೮ರಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದನು. ೧೮೭೧ನೆಯ ಡಿಸೆಂಬರ್ ೧೨ರಂದು ನಾರ್ಮನ್ ಲಾಕ್ಯರ್ ಕಾಸರಗೋಡು ಸೀಮೆಯ ಬೇಕಲ ಕೋಟೆಗೆ ಬಂದಿದ್ದನು. ೧೯೮೦ನೆಯ ಫೆಬ್ರವರಿ ೧೬ರ ಪೂರ್ಣಗ್ರಹಣದ ನೆರಳು ಕರ್ನಾಟಕವನ್ನು ಹಾದುಹೋದಾಗ ದೇಶವಿದೇಶಗಳ ವಿಜ್ಞಾನಿಗಳು ಹುಬ್ಬಳ್ಳಿ, ರಾಯಚೂರು ಸೀಮೆಗಳಲ್ಲಿ ನೆರೆದಿದ್ದರು. ಕೆಲವು ನಿಮಿಷಗಳ ದರ್ಶನಕ್ಕೆ ವರ್ಷಗಳ ಸಿದ್ಧತೆ!

ರೇಡಿಯೋ ಅಲೆಗಳಾದರೋ ಈ ಕಟ್ಟನ್ನು ಸಡಿಲಿಸಿದುವು. ಮೀಟರುಗಟ್ಟಲೆ ಉದ್ದದ ಅಲೆಗಳು ಬಿಂಬದಿಂದ ಬರತಕ್ಕುವಲ್ಲ, ಪ್ರಭಾವಲಯದಿಂದಲೇ ಹೊರಡತಕ್ಕುವು. ಆದುದರಿಂದ ಆ ಅಲೆಗಳಲ್ಲಿ ನೋಡಿದರೆ ಗ್ರಹಣದ ನೆರವಿಲ್ಲದೆ, ಪ್ರತಿದಿನವೂ, ಬಿಂಬದ ಎದುರುಭಾಗದಲ್ಲಿಯೂ ಪ್ರಭಾವಲಯವು ಗೋಚರವಾಗುವುದು. ರೇಡಿಯೋ ಸೂರ್ಯನು ಕಣ್ಣಿನ ಸೂರ್ಯನಿಗಿಂತ ದೊಡ್ಡವನಾಗಿ ತೋರುವನು. ಮೋಡ ಕವಿದ ಆಷಾಢ ಶ್ರಾವಣಗಳಲ್ಲಿಯೂ ಇದಕ್ಕೆ ಅಡ್ಡಿಯಿಲ್ಲ. ಇನ್ನೊಂದು ಸೌಕರ್ಯವೂ ಉಂಟು. ಪ್ರಭಾವಲಯವು ಮೇಲೆ ಹೋದಂತೆಲ್ಲ ತೆಳ್ಳಗಾಗುವುದು. ಒಂದೊಂದು ಸಾಂದ್ರತೆಯ ಪದರಕ್ಕೆ ಒಂದೊಂದು ಕಂಪನ ಸಂಖ್ಯೆಯು ನಿಯತವಾಗಿರುವುದು. ಕೆಳಪದರದಿಂದ ಹೆಚ್ಚಿನ ಸ್ಥಾಯಿ, ಮೇಲುಪದರದಿಂದ ಕಡಿಮೆಯ ಸ್ಥಾಯಿ. ಸೂರ್ಯನಲ್ಲಿ ಸ್ಫೋಟವಾಗಿ ಅದರ ಆಘಾತವು ಮೇಲೇರುತ್ತ ಹೋದರೆ, ರೇಡಿಯೋ ಗ್ರಾಹಕದಲ್ಲಿ ಸ್ವರವು ತಾರದಿಂದ ಮಂದ್ರಕ್ಕೆ ಇಳಿಯುತ್ತ ಹೋಗುವುದು. ಕೆಲವೇ ಕ್ಷಣಗಳಲ್ಲಿ ಇಳಿದರೆ ಅದು ಬೆಳಕಿನ ವೇಗದ ಮೂರನೆಯ ಒಂದು ಭಾಗದಷ್ಟು ವೇಗದಿಂದ ಹಾರಿದ ಎಲೆಕ್ಟ್ರಾನುಗಳ ಗುಂಪು. ಹಲವು ನಿಮಿಷಗಳ ಕಾಲ ನಿಧಾನವಾಗಿ ಇಳಿದರೆ ಅದು ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗಿದ ಆಘಾತದ ಅಲೆ. ಹೀಗೆ ಸ್ವರದ ಇಳಿತದಿಂದಲೇ ಸ್ಫೋಟದ ವೇಗವನ್ನು ಅಳೆಯುವರು.

ಇಂತಹ ಉದ್ದದ ಅಲೆಗಳಲ್ಲಿ ಸ್ಪಷ್ಟವಾದ ಚಿತ್ರವು ಬೇಕಾದರೆ ಯಂತ್ರವೂ ಅಷ್ಟೇ ಉದ್ದವಾಗಿರಬೇಕು. ಆದುದರಿಂದಲೇ ಗೌರಿಬಿದನೂರಿನ ಸಾಲುಗಳು ಬಯಲನ್ನೆಲ್ಲ ಆವರಿಸಿರುವುವು. ಭಾರತದಲ್ಲಿ ಈ ವಿದ್ಯೆಗೆ ನಾಂದಿಯಾದುದು ೧೯೬೫ರಲ್ಲಿ, ಮುಂಬಯಿಯ ಬಳಿಯ ಕಲ್ಯಾಣದಲ್ಲಿ. ಅಲ್ಲಿ ಗೋವಿಂದ ಸ್ವರೂಪರು ಆಸ್ಟ್ರೇಲಿಯದಿಂದ ತರಿಸಿದ ೩೨ ಸಣ್ಣ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿ ಸೂರ್ಯನನ್ನು ನೋಡಿದರು. ಗೌರಿಬಿದನೂರಿನಲ್ಲಿ ೧೯೭೬ರ ಹೊತ್ತಿಗೆ ರಾಮನ್ ಸಂಶೋಧನಾ ಸಂಸ್ಥೆ ಹಾಗೂ ಖಗೋಳ ಭೌತವಿಜ್ಞಾನ ಸಂಸ್ಥೆಗಳು ಕೂಡಿ, ಸಿ. ಎಚ್. ವಿ. ಶಾಸ್ತ್ರಿಯವರ ಮುಂದಾಳುತನದಲ್ಲಿ, ಸಾವಿರ ದ್ವಿಧ್ರುವ ತಂತಿಗಳ ಯಂತ್ರವೊಂದನ್ನು ಕಟ್ಟಿದುವು. ಇಂಗ್ಲಿಷಿನ ‘ಟಿ’ ಅಕ್ಷರದಂತಿದ್ದ ಅದರ ಪೂರ್ವಪಶ್ಚಿಮದ ತೋಳು ಸುಮಾರು ೧.೪ ಕಿಲೋಮೀಟರು, ದಕ್ಷಿಣದ ತೋಳು ಸುಮಾರು ೪೫೦ ಮೀಟರು. ೩೪.೫ ಮೆಗಾಹರ್ಟ್ಸಿನಲ್ಲಿ ಆಕಾಶದ ನಕ್ಷೆಯನ್ನು ತೆಗೆದ ಕೀರ್ತಿ ಅದರದು. ಬಳಿಕ ಸೂರ್ಯನಿಗಾಗಿಯೇ ಮೀಸಲಾದ ‘ರೇಡಿಯೋ ಹೀಲಿಯೋಗ್ರಾಫ್’, ಎಂದರೆ ರೇಡಿಯೋ ಅಲೆಗಳಿಂದ ಸೂರ್ಯನ ಚಿತ್ರವನ್ನು ಬರೆಯುವ ಯಂತ್ರವು, ೧೯೯೭ರಲ್ಲಿ ಕೆಲಸಕ್ಕೆ ತೊಡಗಿತು. ಮೊದಲು ೧೯೨ ಏರಿಯಲ್ಲುಗಳಿದ್ದ ಈ ಯಂತ್ರವು ೪೦ರಿಂದ ೧೫೦ ಮೆಗಾಹರ್ಟ್ಸಿನವರೆಗೆ ನೋಡಬಲ್ಲುದಾಗಿದ್ದು, ಮುಂದೆ ವಿಸ್ತರಿಸಲ್ಪಟ್ಟಿತು. ಆರ್. ರಮೇಶರೂ ಅವರ ಸಂಗಡಿಗರೂ ಇದರಿಂದ ಪ್ರಭಾವಲಯದ ಕಾಂತಕ್ಷೇತ್ರವನ್ನೂ ಸ್ಫೋಟಗಳ ವೇಗವನ್ನೂ ಅಳೆದು ಲೋಕದ ವಿದ್ವತ್ಪತ್ರಿಕೆಗಳಲ್ಲಿ ಪ್ರಕಟಿಸುತ್ತ ಬಂದಿರುವರು. ಗಮನಿಸತಕ್ಕ ಮಾತೆಂದರೆ, ಇದರ ಏರಿಯಲ್ಲುಗಳನ್ನು ಸಂಸ್ಥೆಯವರೇ ರೂಪಿಸಿ ಕಟ್ಟಿದರೆಂಬುದು. ವಿದ್ಯೆಗೆ ಪರದೇಶದ ದುಬಾರಿ ಯಂತ್ರವೇ ಬೇಕೆಂಬ ದೈನ್ಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವು ಬೇಕಾಗಿಲ್ಲ.

೨೦೨೩ನೆಯ ಸೆಪ್ಟೆಂಬರ್ ೨ರಂದು ಹಾರಿದ ಆದಿತ್ಯ ಎಲ್-೧ ನೌಕೆಯು ೨೦೨೪ನೆಯ ಜನವರಿ ೬ರಂದು, ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರು ದೂರದಲ್ಲಿ ತನ್ನ ನೆಲೆಯನ್ನು ಸೇರಿತು. ಇನ್ನು ನೆಲದ ಮೇಲಿನ ಕಡ್ಡಿಗಳ ಕಾಲ ಮುಗಿಯಿತೆಂದು ಕೆಲವರು ಹೇಳಬಹುದು. ಇದು ಸರಿಯಾದ ವಿಚಾರವಲ್ಲ. ಆ ನೌಕೆಯ ಪ್ರಧಾನ ಉಪಕರಣವನ್ನು ಕಟ್ಟಿದವರೂ ಇದೇ ಸಂಸ್ಥೆಯವರು. ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ಕಟ್ಟಿದರು. ಅದು ಸೂರ್ಯಬಿಂಬಕ್ಕೆ ತಟ್ಟೆಯೊಂದನ್ನು ಅಡ್ಡ ಹಿಡಿದು ಕೃತಕ ಗ್ರಹಣವನ್ನು ಮಾಡಿಕೊಂಡು ಅಂಚಿನಾಚೆಯ ಪ್ರಭಾವಲಯವನ್ನು ನೋಡುವುದು. ಆದರೆ ತಟ್ಟೆಯ ಹಿಂದೆ ಮರೆಯಾದ ಭಾಗವನ್ನು, ಎಂದರೆ ನೇರವಾಗಿ ನಮ್ಮ ಕಡೆಗೆ ಬರುವ ಸ್ಫೋಟಗಳ ಹುಟ್ಟನ್ನು, ಅದು ಕಾಣಲಾರದು. ಅಲ್ಲಿ ರೇಡಿಯೋ ಯಂತ್ರದ ಸಾಕ್ಷ್ಯವೇ ಬೇಕು. ಮೇಲಿನದೂ ಕೆಳಗಿನದೂ ಜೋಡೆತ್ತುಗಳಂತೆ. ಒಂದನ್ನು ಬಿಟ್ಟರೆ ಗಾಡಿ ಸಾಗದು.

ಇಷ್ಟನ್ನು ಕೇಳಿದ ಮೇಲೆ ನಮ್ಮ ರೈತನು, “ಸ್ವಾಮಿ, ಮಳೆ ಯಾವಾಗ ಬರ್ತದೆ ಅನ್ನೋದನ್ನ ಹೇಳಿ, ಸೂರ್ಯನ ಸದ್ದು ಕಟ್ಟಿಕೊಂಡು ನಮಗೇನಾಗಬೇಕು?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅವನಿಗೆ ನೇರವಾದ ಉತ್ತರವನ್ನೇ ಕೊಡಬೇಕು. ಮಳೆಯನ್ನು ಈ ಯಂತ್ರವು ಹೇಳಲಾರದು. ಆದರೆ ಮಳೆಯ ಮುನ್ಸೂಚನೆಯನ್ನು ಹೊತ್ತು ತರುವ ಉಪಗ್ರಹವೂ, ಅವನ ಕೈಯ ಮೊಬೈಲು ದಾರಿ ತೋರಿಸಲು ನಂಬಿದ ಉಪಗ್ರಹಗಳೂ ಸೂರ್ಯನ ಕೋಪಕ್ಕೆ ತೆರೆದಿರುವುವು. ೧೮೫೯ನೆಯ ಸೆಪ್ಟೆಂಬರಿನ ಸೌರ ಬಿರುಗಾಳಿಯಲ್ಲಿ ಯೂರೋಪು ಅಮೆರಿಕಗಳ ತಂತಿ ಕಚೇರಿಗಳು ಕಂಗೆಟ್ಟುವು; ನಮ್ಮ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಸೂಜಿಯೂ ಅದರ ಹೊಡೆತವನ್ನು ದಾಖಲಿಸಿತು, ಮತ್ತು ಆ ದಾಖಲೆಯು ಇಂದಿಗೂ ವಿಜ್ಞಾನಿಗಳಿಗೆ ಆಧಾರವಾಗಿರುವುದು. ೧೯೮೯ನೆಯ ಮಾರ್ಚ್ ೧೩ರಂದು ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು ಅರವತ್ತು ಲಕ್ಷ ಜನರು ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕುಳಿತರು. ೨೦೨೨ನೆಯ ಫೆಬ್ರವರಿಯಲ್ಲಿ ಅಮೆರಿಕದ ಕಂಪನಿಯೊಂದು ಒಮ್ಮೆಗೆ ಹಾರಿಸಿದ ೪೯ ಉಪಗ್ರಹಗಳಲ್ಲಿ ಬಹುಪಾಲು ಸಾಧಾರಣವೆನಿಸಿದ ಬಿರುಗಾಳಿಗೇ ಸಿಕ್ಕಿ ಉರಿದುಬಿದ್ದುವು. ೨೦೨೪ನೆಯ ಮೇ ೧೦, ೧೧ರಂದು ಬಂದ ಬಿರುಗಾಳಿಯು ಎರಡು ದಶಕಗಳಲ್ಲಿ ಅತಿ ಪ್ರಬಲವಾದುದು. ಆಗ ಲಡಾಖಿನ ಹಾನ್ಲೆಯಲ್ಲಿಯೂ ರಾತ್ರಿಯ ಆಕಾಶವು ಕೆಂಪೇರಿತು. ಭೂಮಧ್ಯರೇಖೆಗೆ ಸಮೀಪವಿರುವ ನಮ್ಮ ನಾಡಿಗೆ ಕೆನಡದಂತಹ ವಿದ್ಯುತ್ ಅನಾಹುತದ ಭಯವು ಕಡಿಮೆಯೇ. ಆದರೆ ಉಪಗ್ರಹಗಳಿಗೂ, ವಿಮಾನ ಹಡಗುಗಳ ದೂರದ ರೇಡಿಯೋ ಸಂಪರ್ಕಕ್ಕೂ, ದಿಕ್ಕು ಸ್ಥಳಗಳನ್ನು ತೋರಿಸುವ ಸಂಕೇತಗಳಿಗೂ ಆಗುವ ತೊಂದರೆಯು ನಮಗೂ ಸಮಾನವಾದುದು. ಸ್ಫೋಟದ ರೇಡಿಯೋ ಸುದ್ದಿಯು ಎಂಟು ನಿಮಿಷಗಳಲ್ಲಿ ಬರುವುದು. ಸ್ಫೋಟವು ಎಸೆದ ಅನಿಲರಾಶಿಯು ಭೂಮಿಯನ್ನು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಾಗುವುವು. ನಡುವಣ ಈ ಅವಕಾಶವೇ ಎಚ್ಚರಿಕೆಗೆ ಸಿಕ್ಕುವ ಕಾಲ.

ಈ ಎಚ್ಚರಿಕೆಯು ಒಂದು ದಿನದ ನೋಟದಿಂದ ದೊರಕುವುದಲ್ಲ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಏರಿ ಇಳಿಯುವುವು. ೨೦೧೯ನೆಯ ಡಿಸೆಂಬರಿನಲ್ಲಿ ತೊಡಗಿದ ಈಗಿನ ಆವರ್ತವು ತನ್ನ ಉಚ್ಛ್ರಾಯದ ಹಂತವನ್ನು ಮುಟ್ಟಿತೆಂದು ೨೦೨೪ನೆಯ ಅಕ್ಟೋಬರಿನಲ್ಲಿ ವಿಜ್ಞಾನಿಗಳು ಸಾರಿದರು. ಒಬ್ಬ ವಿದ್ವಾಂಸನು ತನ್ನ ಆಯುಷ್ಯದಲ್ಲಿ ಇಂತಹ ಮೂರು ನಾಲ್ಕು ಆವರ್ತಗಳನ್ನು ಮಾತ್ರ ಕಂಡಾನು. ಹಿರಿಯೂರಿನವರಿಗೆ ಇದನ್ನು ಮಾರಿಕಣಿವೆಯ ದೃಷ್ಟಾಂತದಿಂದ ಹೇಳಬಹುದು. ೧೯೩೩ರಲ್ಲಿ ವಾಣಿವಿಲಾಸ ಸಾಗರವು ತುಂಬಿ ಕೋಡಿ ಹರಿಯಿತು. ಮತ್ತೆ ಹರಿದುದು ೨೦೨೨ರಲ್ಲಿ. ಎರಡನ್ನೂ ಕಣ್ಣಾರೆ ಕಂಡು ನೆನಪಿಟ್ಟವರು ಎಷ್ಟು ಮಂದಿ? ಆದರೆ ಅಣೆಕಟ್ಟೆಯ ಮೇಲೆ ದಿನದಿನವೂ ನೀರಿನ ಮಟ್ಟವನ್ನು ಬರೆದಿಟ್ಟ ಪುಸ್ತಕವು ಎರಡನ್ನೂ ಬಲ್ಲುದು. ಸೂರ್ಯನ ವಿಷಯದಲ್ಲಿಯೂ ಅಷ್ಟೇ. ಕೊಡೈಕನಾಲಿನಲ್ಲಿ ಒಂದು ಶತಮಾನಕ್ಕೂ ಮೀರಿ ತೆಗೆದಿಟ್ಟ ಸೂರ್ಯನ ಛಾಯಾಚಿತ್ರಗಳ ಬೆಲೆಯು ಅವುಗಳ ಎಡೆಬಿಡದ ಸಾಲಿನಲ್ಲಿರುವುದು. ಗೌರಿಬಿದನೂರಿನ ದಾಖಲೆಯೂ ಅಂತಹದೇ. ನಡುವೆ ಹರಿದರೆ ಹಣ ಕೊಟ್ಟು ಮರಳಿ ಪಡೆಯಲಾಗದು.

ದಾಖಲೆಯು ಹರಿಯದಂತಿರಬೇಕಾದರೆ ಮುಖ್ಯವಾಗಿ ಬೇಕಾದುದು ರೇಡಿಯೋ ನಿಶ್ಶಬ್ದ. ಲಿವರ್‌ಪೂಲಿನಲ್ಲಿ ಲಾಡ್ಜನನ್ನು ಸೋಲಿಸಿದ ಗದ್ದಲವು ಇಂದು ನೂರುಮಡಿಯಾಗಿ ಬೆಳೆದಿದೆ. ಎಫ್.ಎಂ. ಪ್ರಸಾರಗಳು ನಡೆಯುವ ೮೮ರಿಂದ ೧೦೮ ಮೆಗಾಹರ್ಟ್ಸು ಈ ಯಂತ್ರದ ವ್ಯಾಪ್ತಿಯ ನಟ್ಟನಡುವೆಯೇ ಇರುವುದು. ಕಿಡಿಕಾರುವ ವಿದ್ಯುತ್ ತಂತಿ, ಕೆಟ್ಟ ಮೋಟಾರು, ಕಳಪೆಯ ಎಲ್‌ಇಡಿ ದೀಪದ ಪೆಟ್ಟಿಗೆ ಇವೆಲ್ಲವೂ ರೇಡಿಯೋ ಗದ್ದಲವನ್ನು ಎಬ್ಬಿಸುವುವು. ರಾಮನ್ ಸಂಸ್ಥೆಯ ವಿಜ್ಞಾನಿಗಳು ಆದಿಕಾಲದ ನಕ್ಷತ್ರಗಳ ಕ್ಷೀಣ ಸಂಕೇತವನ್ನು ಅರಸುತ್ತ ೨೦೨೦ರಲ್ಲಿ ತಮ್ಮ ಏರಿಯಲ್ಲನ್ನು ಶರಾವತಿಯ ಹಿನ್ನೀರಿನ ಮೇಲೆ ತೇಲಿಸಬೇಕಾಯಿತೆಂದರೆ, ಗದ್ದಲವಿಲ್ಲದ ತಾವು ಎಷ್ಟು ದುರ್ಲಭವಾಗುತ್ತಿದೆಯೆಂಬುದು ವಿದಿತವಾಗುವುದು. ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿಯಲ್ಲಿ ೧೫೦.೦೫ರಿಂದ ೧೫೩ ಮೆಗಾಹರ್ಟ್ಸಿನ ಪಟ್ಟಿಯನ್ನು ಭಾರತ ಹಾಗೂ ಆಸ್ಟ್ರೇಲಿಯಗಳಲ್ಲಿ ಖಗೋಳ ರೇಡಿಯೋ ವಿದ್ಯೆಗೂ ಪ್ರಧಾನವಾಗಿ ವಿಧಿಸಿರುವರು. ನಿಯಮವೇನೋ ಒಳ್ಳೆಯದೇ, ಆದರೆ ಕೆರೆಗೆ ಕಾವಲಿನವನನ್ನು ನೇಮಿಸಿದ ಮಾತ್ರಕ್ಕೆ ಊರಿನವರು ನೀರನ್ನು ಕೆಡಿಸಬಹುದೆಂದು ಅರ್ಥವಲ್ಲ. ವೀಕ್ಷಣಾಲಯದ ಸುತ್ತಲೂ ಹೊಸ ಗೋಪುರಗಳಿಗೂ ಕಾರ್ಖಾನೆಗಳಿಗೂ ಅನುಮತಿ ಕೊಡುವ ಮುನ್ನ ಸರ್ಕಾರವು ಆ ವಿಜ್ಞಾನಿಗಳ ಅಭಿಪ್ರಾಯವನ್ನು ಕೇಳುವ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕುದು.

ನಮ್ಮ ಜಿಲ್ಲೆಯೂ ಈ ವಿಚಾರಕ್ಕೆ ಹೊರಗಿನದಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಗಳನ್ನು ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಪರಮಾಣು ಹಾಗೂ ರಕ್ಷಣಾ ಸಂಶೋಧನಾ ಸಂಸ್ಥೆಗಳಿಗೆ ಕೊಡಲಾಗಿದೆ. ೨೦೨೩ನೆಯ ಏಪ್ರಿಲ್ ೨ರಂದು ಇಸ್ರೋದವರ ಮರುಬಳಕೆಯ ವಾಹನವು ತಾನಾಗಿಯೇ ಬಂದಿಳಿದುದು ಚಳ್ಳಕೆರೆಯ ಪರೀಕ್ಷಾ ಮೈದಾನದಲ್ಲಿಯೇ. ದನಕುರಿಗಳನ್ನು ಮೇಯಿಸುತ್ತಿದ್ದ ಜನರು ಆ ಭೂಮಿಗಾಗಿ ಪಟ್ಟ ಸಂಕಟವೂ ನಾಡಿಗೆ ತಿಳಿದುದೇ. ಹುಲ್ಲುಗಾವಲನ್ನು ಬಿಟ್ಟುಕೊಟ್ಟವರ ಮಕ್ಕಳು ಬೇಲಿಯ ಹೊರಗೆ ನಿಂತು ಒಳಗಿನ ವಿದ್ಯೆಯನ್ನು ದೂರದಿಂದ ನೋಡುವವರಾಗಿಯೇ ಉಳಿದರೆ, ಅದು ನ್ಯಾಯವೆನಿಸದು. ಸೂರ್ಯನ ರೇಡಿಯೋ ವಿದ್ಯೆಯಾದರೋ ಬೇಲಿಯನ್ನು ದಾಟಿ ಬರಬಲ್ಲ ವಿದ್ಯೆ. ೨೦ ಮೆಗಾಹರ್ಟ್ಸಿನ ಸುಮಾರಿಗೆ ಸೂರ್ಯನ ಸ್ಫೋಟಗಳನ್ನು ಹಿಡಿಯಲು ಸುಮಾರು ಏಳು ಮೀಟರು ಉದ್ದದ ತಂತಿ, ಎರಡು ಕಂಬ, ಒಂದು ಸಾಧಾರಣ ಗ್ರಾಹಕ ಇಷ್ಟಿದ್ದರೆ ಪ್ರಾರಂಭಕ್ಕೆ ಸಾಕು. ಅನೇಕ ದೇಶಗಳಲ್ಲಿ ಶಾಲೆಯ ಹುಡುಗರು ಇದನ್ನು ಮಾಡುತ್ತಿರುವರು.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಪ್ರೌಢಶಾಲೆಯಾದರೂ ಇಂತಹ ಒಂದು ತಂತಿಯನ್ನು ಕಟ್ಟಲಿ. ಉಪಾಧ್ಯಾಯರು ಹುಡುಗ ಹುಡುಗಿಯರ ಕೈಯಿಂದಲೇ ದಿನವೂ ನಡುಹಗಲಿನ ಅರ್ಧ ಗಂಟೆಯ ದಾಖಲೆಯನ್ನು ಕನ್ನಡದಲ್ಲಿಯೇ ಬರೆಯಿಸಲಿ. ಸದ್ದಿಲ್ಲದ ದಿನವನ್ನೂ ಬಿಡದೆ ಬರೆಯಿಸಲಿ. ವರ್ಷಕ್ಕೊಮ್ಮೆ ಅನುಮತಿ ಪಡೆದು ಗೌರಿಬಿದನೂರಿಗೆ ಕರೆದೊಯ್ದು, ತಮ್ಮ ಪುಸ್ತಕವನ್ನು ಅಲ್ಲಿಯ ವಿದ್ವಾಂಸರ ಚಿತ್ರಗಳೊಡನೆ ಹೋಲಿಸಿ ನೋಡಲಿ. ಜಾತ್ರೆಗೂ ಉತ್ಸವಕ್ಕೂ ಕೈ ಬಿಚ್ಚಿ ಕೊಡುವ ನಮ್ಮ ವರ್ತಕ ಮಹಾಶಯರಿಗೆ ಇದರ ವೆಚ್ಚವು ಭಾರವಾಗದು. ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಬರೆದ ಪುಸ್ತಕವು ಹೊಳಲ್ಕೆರೆಯ ಶಾಲೆಯಲ್ಲಿಯೋ ಹೊಸದುರ್ಗದ ಶಾಲೆಯಲ್ಲಿಯೋ ಇದ್ದಿತಾದರೆ, ಅದನ್ನು ನೋಡಲು ದೊಡ್ಡ ವಿಜ್ಞಾನಿಗಳೂ ಸಂತೋಷದಿಂದ ಬರುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮೊದಲನೆಯ ತಂತಿಯನ್ನು ಯಾವ ಶಾಲೆಯವರು ಕಟ್ಟುವರೆಂಬುದನ್ನು ತಿಳಿಯಲು ನಾವು ಕುತೂಹಲದಿಂದಿರುವೆವು. ಆ ಸುದ್ದಿಗೆ ಈ ಪುಟದಲ್ಲಿ ಸ್ಥಳವು ಸದಾ ಉಂಟು.